ಹೊಸ ಗಿಡ ಸಿಕ್ಕಿತಾ? ಹೆಸರಿಡುವ ಮೊದಲು ಮಾಡಬೇಕಾದ ಕೆಲಸಗಳು

ಆಗಸ್ಟ್ ಮಳೆಯಲ್ಲಿ ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟದ ಕಡೆ ಇಳಿಯುವಾಗ ರಸ್ತೆ ಪಕ್ಕದ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ಗೋಡೆಯನ್ನು, ಗಮನಿಸಿದ್ದೀರಾ? ಪಾಚಿ, ಜರಿಗಿಡ, ಅವುಗಳ ನಡುವೆ ಬಿಳಿ, ಗುಲಾಬಿ, ನೇರಳೆ ಬಣ್ಣದ ಗೌರಿ ಹೂಗಳು. ಪ್ರತಿ ಮಳೆಗಾಲ ಯಾರಾದರೊಬ್ಬರು ನನಗೆ ಅಂಥ ಹೂವಿನ ಫೋಟೊ ಕಳಿಸುತ್ತಾರೆ. "ಸಾರ್, ಇದು ಯಾವ ಪುಸ್ತಕದಲ್ಲೂ ಇಲ್ಲ, ಹೊಸದೇ ಇರಬೇಕು." ಹೆಚ್ಚಿನ ಸಲ ಅದು ಹಳೆಯದೇ ಆಗಿರುತ್ತದೆ. ಆದರೆ ಎಲ್ಲೋ ಒಮ್ಮೆ ನಿಜವಾಗಿಯೂ ಹೊಸದು ಇದ್ದರೆ? ಆಗ ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನನ್ನದೇ ಪೆಚ್ಚುತನ ಹೇಳಿಬಿಡುತ್ತೇನೆ. ಭಾಗಮಂಡಲದ ಹತ್ತಿರ ಒಂದು ತೊರೆಯ ಪಕ್ಕ ತೆಳು ಗುಲಾಬಿ ಬಣ್ಣದ ಹೂ ಸಿಕ್ಕಿತ್ತು. ನನ್ನ ಬಳಿ ಇದ್ದ ಪುಸ್ತಕಗಳಲ್ಲಿ ಅದೇ ಥರದ್ದು ಇತ್ತು, ಆದರೆ ಗಾಢ ಬಣ್ಣದ್ದು. ಮನೆಗೆ ಬಂದವನೇ ಹೆಸರು ಕೂಡ ಯೋಚಿಸಿಟ್ಟೆ. ಹೆಂಡತಿ ಪಾಯಸ ಮಾಡಿದಳು. ಆರು ತಿಂಗಳಾದ ಮೇಲೆ ಒಂದು ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ) ಹಳೆಯ ಕಟ್ಟು ಬಿಚ್ಚಿ ನೋಡಿದರೆ, ನನ್ನ 'ಹೊಸ' ಗಿಡ ಹತ್ತೊಂಬತ್ತನೇ ಶತಮಾನದಿಂದಲೂ ಅಲ್ಲೇ ಮಲಗಿತ್ತು. ಅದಕ್ಕೆ ಹೆಸರೂ ಇತ್ತು. ನಾನು ನೋಡಿದ್ದು ದಟ್ಟ ನೆರಳಲ್ಲಿ ಬೆಳೆದದ್ದು, ಬಣ್ಣ ತೆಳುವಾಗಿತ್ತು, ಅಷ್ಟೇ. ಪಾಯಸ ಮಾತ್ರ ಚೆನ್ನಾಗಿತ್ತು.

ಗಿಡ ಕಣ್ಣಿಗೆ ಬೀಳುವುದಕ್ಕೆ ಅರ್ಧ ದಿನ ಸಾಕು. ಅದು ಈಗಾಗಲೇ ಹೆಸರಿರುವ ಬೇರೆ ಯಾವುದೂ ಅಲ್ಲ ಅಂತ ತೋರಿಸಲು ಎರಡು ಮೂರು ವರ್ಷ ಬೇಕು. ಈ ಕೆಲಸದ ತಿರುಳು ಇರುವುದೇ ಅಲ್ಲಿ.

ಅಂದ ಹಾಗೆ, ಗೌರಿ ಹೂ ಅಂದೆನಲ್ಲ, ಆ ಹೆಸರಿನಲ್ಲೇ ಒಂದು ಗೊಂದಲ ಇದೆ. ಮಲೆನಾಡಿನ ಹಲವರಿಗೆ ಗೌರಿ ಹೂ ಅಂದರೆ ಬೇಲಿಯ ಮೇಲೆ ಹಬ್ಬುವ, ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಹೂ. ಕೊಡವರು ಅದನ್ನೇ ತೋಕ್ ಪೂ ಅಂತ ಕರೆದು ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ಮುಡಿಸುತ್ತಾರೆ. ಅದು ಗ್ಲೋರಿಯೋಸಾ ಸುಪರ್ಬಾ. ನಾನು ಹೇಳುತ್ತಿರುವುದು ಕರ್ಣಕುಂಡಲದ ಬಳಗದ್ದು, ಇಂಪೇಷಿಯನ್ಸ್ ಕುಲದ್ದು. ಊರ ಹೆಸರಿನಿಂದ ಕೆಲಸ ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? ಇಂಪೇಷಿಯನ್ಸ್‌ನಲ್ಲಿ ಪಶ್ಚಿಮ ಘಟ್ಟದಲ್ಲೇ ನೂರರ ಆಸುಪಾಸು ಪ್ರಭೇದಗಳಿವೆ, ಅವುಗಳಲ್ಲಿ ಬಹುಪಾಲು ಬೇರೆಲ್ಲೂ ಬೆಳೆಯುವುದಿಲ್ಲ. ಹಾಗಾಗಿ ಈ ಲೇಖನದುದ್ದಕ್ಕೂ ಇದನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ನಿಮ್ಮದು ಆರ್ಕಿಡ್ ಆಗಿರಲಿ, ಕುರಿಂಜಿ ಆಗಿರಲಿ, ದಾರಿ ಹೆಚ್ಚುಕಡಿಮೆ ಒಂದೇ.

ಹೆಜ್ಜೆ 1: ಕೀಳಬೇಡಿ, ಕೂತು ನೋಡಿ

ಕಂಡ ತಕ್ಷಣ ಕೈ ಹಾಕಬೇಡಿ. ಮೊದಲು ಸುತ್ತಮುತ್ತ ಎಷ್ಟು ಗಿಡ ಇವೆ ಎಣಿಸಿ. ಒಂದೇ ಗಿಡ ಇದ್ದರೆ ಅದು ಹೊಸ ಪ್ರಭೇದ ಅಲ್ಲ, ಯಾವುದೋ ಹಳೆಯದರ ವಿಚಿತ್ರ ಕೂಸು ಇರಬಹುದು. ಪಕ್ಕದಲ್ಲೇ ಎರಡು ಪ್ರಭೇದ ಬೆಳೆದಿದ್ದರೆ ಅವುಗಳ ಬೆರಕೆಯೂ ಇರಬಹುದು. ಇಪ್ಪತ್ತು ಗಿಡಗಳಲ್ಲಿ ಅದೇ ಗುಣ ಇದೆಯಾ? ಬಿಸಿಲಲ್ಲಿರುವುದರಲ್ಲೂ ನೆರಳಲ್ಲಿರುವುದರಲ್ಲೂ ಇದೆಯಾ? ಇದೆ ಅನ್ನುವುದಾದರೆ ಮುಂದಕ್ಕೆ ಹೋಗಬಹುದು.

ಬಣ್ಣವನ್ನು ನಂಬಬೇಡಿ. ಎತ್ತರವನ್ನೂ ನಂಬಬೇಡಿ. ಬರೆಯ ಮೇಲೆ ಒಂದು ಗೇಣು ಇರುವ ಗಿಡ ತೋಡಿನ ಪಕ್ಕ ಮೊಣಕಾಲೆತ್ತರ ಬೆಳೆದಿರುತ್ತದೆ. ನಂಬಬಹುದಾದದ್ದು ಹೂವಿನ ಒಳಗಿನ ಭಾಗಗಳ ಆಕಾರ, ಕಾಯಿ, ಬೀಜ, ರೋಮಗಳು ಇರುವ ಜಾಗ.

ಫೋಟೊ ತೆಗೆಯುವಾಗ ಹೂವನ್ನು ಎದುರಿನಿಂದ ಮಾತ್ರ ತೆಗೆದು ಬರುವವರೇ ಜಾಸ್ತಿ. ಪಕ್ಕದಿಂದ, ಹಿಂದಿನಿಂದ, ಮೇಲಿನಿಂದ ತೆಗೆಯಿರಿ. ಎಲೆಯ ಅಡಿಭಾಗ, ಕಾಂಡದ ಬುಡ, ಮೊಗ್ಗು, ಕಾಯಿ, ಇಡೀ ಗಿಡ, ಅದು ನಿಂತ ಜಾಗ, ಎಲ್ಲವೂ ಬೇಕು. ಪಕ್ಕದಲ್ಲಿ ಒಂದು ಸಣ್ಣ ಸ್ಕೇಲ್ ಇಡಿ. ಅಳತೆಗೆ ನಾಣ್ಯ ಇಡುವ ಅಭ್ಯಾಸ ಬಿಡಿ, ನಮ್ಮ ನಾಣ್ಯಗಳ ಗಾತ್ರ ಆಗಾಗ ಬದಲಾಗುತ್ತಲೇ ಇರುತ್ತದೆ.

ಹೆಜ್ಜೆ 2: ಅನುಮತಿ

ಬೇಜಾರಿನ ಕೆಲಸ, ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಜೀವಿಧಾಮಗಳು. ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಇಲ್ಲಿ ಗಿಡ ಕೀಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಅನುಮತಿ ಬೇಕು. ಅದಕ್ಕೆ ಬೆಂಗಳೂರು ಮಲ್ಲೇಶ್ವರದ ಅರಣ್ಯ ಭವನಕ್ಕೆ ಅರ್ಜಿ ಹಾಕಬೇಕು. ಮೀಸಲು ಅರಣ್ಯಕ್ಕೂ ಇಲಾಖೆಯ ಒಪ್ಪಿಗೆ ಬೇಕು. ನಿಮ್ಮದೇ ಕಾಫಿ ತೋಟದ ಬರೆಯಾದರೆ ನೀವೇ ರಾಜ.

ದೇವರಕಾಡಿನ ಕತೆ ಬೇರೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಹೊಸ ಗಿಡ ಸಿಗುವ ಸಾಧ್ಯತೆಯೂ ಅಲ್ಲಿ ಚೆನ್ನಾಗಿದೆ. ಇಲಾಖೆಯ ಕಾಗದ ಕೈಯಲ್ಲಿದ್ದರೂ ಊರಿನ ತಕ್ಕರನ್ನು, ಅಂದರೆ ಊರ ಮುಖ್ಯಸ್ಥರನ್ನು, ಕೇಳದೆ ಒಳಗೆ ಕಾಲಿಡಬೇಡಿ. ಕೆಲವು ಕಾಡುಗಳಿಗೆ ಹಬ್ಬದ ದಿನ ಬಿಟ್ಟು ಬೇರೆ ದಿನ ಹೋಗುವಂತಿಲ್ಲ. ಕೆಲವಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಇಂಬಳಗಳಿಗೆ ಅದೇ ಹಬ್ಬ.

ಒಬ್ಬರೇ ಓಡಾಡಿದರೆ ಅನುಮತಿ ಸಿಗುವುದು ಕಷ್ಟ. ಯಾವುದಾದರೂ ಸಂಸ್ಥೆಯವರ ಜೊತೆ ಸೇರಿಕೊಳ್ಳಿ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಕೆಳಗೆ ಮಂಗಳೂರು ವಿಶ್ವವಿದ್ಯಾಲಯ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆಸಿಬಿ ಅನ್ನುವ ಹರ್ಬೇರಿಯಂ ಇದೆ. ಹೌದು, ಹೆಸರೇ ಹಾಗೆ, ಮಣ್ಣು ಅಗೆಯುವ ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಭಾರತೀಯ ಸಸ್ಯ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ ಕೊಯಮತ್ತೂರಿನಲ್ಲಿದೆ. ಕುಲದ ಬಗ್ಗೆ ಗೊತ್ತಿರುವ ಒಬ್ಬ ತಜ್ಞರನ್ನು ಮೊದಲ ದಿನವೇ ಜೊತೆಗೆ ಸೇರಿಸಿಕೊಂಡರೆ ಒಂದು ವರ್ಷ ಉಳಿಯುತ್ತದೆ.

ಹೆಜ್ಜೆ 3: ಮಾದರಿ ತೆಗೆಯುವುದು

ಹೂವಿಲ್ಲದ ಗಿಡ ತಂದು ಪ್ರಯೋಜನವಿಲ್ಲ. ಹೂ ಮಾತ್ರ ಇದ್ದು ಕಾಯಿ ಇಲ್ಲದಿದ್ದರೂ ಅರ್ಧವೇ. ಹಾಗಾಗಿ ಒಂದೇ ಸಲ ಹೋಗಿ ಮುಗಿಸುವ ಕೆಲಸ ಅಲ್ಲ ಇದು. ಗೌರಿ ಹೂವಿಗೆ ನನ್ನ ಲೆಕ್ಕ ಹೀಗೆ: ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಒಮ್ಮೆ ಹೋಗಿ ಜಾಗ ಗುರುತು ಹಾಕಿಕೊಳ್ಳುವುದು, ಕೈಲ್ ಪೋಳ್ದ್ ಹೊತ್ತಿಗೆ (ಸೆಪ್ಟೆಂಬರ್ ಮೊದಲಲ್ಲಿ) ಹೂ, ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ (ಅಕ್ಟೋಬರ್ ಮಧ್ಯದಲ್ಲಿ) ಕಾಯಿ ಮತ್ತು ಬೀಜ. ಬಲಿತ ಕಾಯಿಗೆ ಕೈ ತಾಗಿದರೆ ಸಾಕು, ಪಟ್ ಅಂತ ಸಿಡಿದು ಬೀಜ ಎಲ್ಲೋ ಹಾರಿಹೋಗುತ್ತದೆ. ಕಾಯಿಗೆ ಮೊದಲು ಸಣ್ಣ ಪ್ಲಾಸ್ಟಿಕ್ ಕವರ್ ತೊಡಿಸಿ, ಆಮೇಲೆ ಮುಟ್ಟಿ.

ಎಷ್ಟು ಕೀಳಬಹುದು? ಇಪ್ಪತ್ತು ಗಿಡ ಇದ್ದರೆ ಒಂದು. ನೂರು ಇದ್ದರೆ ಐದು. ಅದಕ್ಕಿಂತ ಜಾಸ್ತಿ ಬೇಡ. ದೊಡ್ಡ ಗಿಡವಾದರೆ ಬೇರು ಸಹಿತ ಕೀಳುವುದೂ ಬೇಡ, ಹೂವಿರುವ ಕೊಂಬೆ ಸಾಕು. ಇಡೀ ಊರಿಗೆ ಇರುವುದೇ ಹತ್ತು ಗಿಡ ಅಂತಾದರೆ ಒಂದೇ ಕೊಂಬೆ ತೆಗೆದು ಉಳಿದದ್ದು ಫೋಟೊದಲ್ಲಿ ಮುಗಿಸಿ. ಹೊಸ ಪ್ರಭೇದವನ್ನು ಕಂಡುಹಿಡಿದವರೇ ಅದನ್ನು ಮುಗಿಸಿಬಿಟ್ಟರು ಅನ್ನಿಸಿಕೊಳ್ಳಬಾರದಲ್ಲ.

ಟಿಪ್ಪಣಿ ಪುಸ್ತಕ ಅಲ್ಲೇ, ಮಳೆಯಲ್ಲೇ ಬರೆಯಬೇಕು. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನೀರಿಗೆ ನಿಲ್ಲುವುದಿಲ್ಲ. ತಾರೀಕು, ಜಾಗ, ಸಮುದ್ರ ಮಟ್ಟದಿಂದ ಎತ್ತರ, ಜಿಪಿಎಸ್ ಅಂಕಿ, ಕಲ್ಲಿನ ಮೇಲೋ ಮರದ ಮೇಲೋ ಮಣ್ಣಿನಲ್ಲೋ, ಹೂವಿನ ಬಣ್ಣ, ವಾಸನೆ, ಯಾವ ಕೀಟ ಬರುತ್ತಿತ್ತು, ಸುತ್ತ ಯಾವ ಮರಗಳಿವೆ. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಹೋಗುತ್ತವೆ. ಆಮೇಲೆ ನೆನಪಿನಿಂದ ಬರೆದರೆ ನೇರಳೆ ಗುಲಾಬಿಯಾಗುತ್ತದೆ. ಪ್ರತಿ ಸಂಗ್ರಹಕ್ಕೂ ಒಂದು ಕ್ರಮಸಂಖ್ಯೆ ಕೊಡಿ. ಆ ಸಂಖ್ಯೆ ನಿಮ್ಮ ಜೀವಮಾನದುದ್ದಕ್ಕೂ ಮುಂದುವರಿಯಬೇಕು. ಹೊಸ ವರ್ಷಕ್ಕೆ ಮತ್ತೆ 1ರಿಂದ ಶುರು ಮಾಡಿದರೆ ಹತ್ತು ವರ್ಷದ ನಂತರ ನಿಮಗೇ ತಲೆ ಕೆಡುತ್ತದೆ.

ಹತ್ತಿರದ ಯರವ, ಕುಡಿಯ, ಜೇನು ಕುರುಬರ ಹಾಡಿಯವರನ್ನು ಕೇಳಿ. ನಾವು 'ಹೊಸದು' ಅನ್ನುವ ಗಿಡಕ್ಕೆ ಅವರಲ್ಲಿ ಹೆಸರು ಇರುತ್ತದೆ. ಅವರು ಹೇಳಿದ ಹೆಸರನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ.

ಹೆಜ್ಜೆ 4: ಒಣಗಿಸುವುದು, ಕೊಡಗಿನಲ್ಲಿ ಇದೇ ಪರೀಕ್ಷೆ

ಬಯಲುಸೀಮೆಯವರಿಗೆ ಇದು ಸುಲಭ. ಪೇಪರ್ ನಡುವೆ ಇಟ್ಟು ಭಾರ ಹೇರಿದರೆ ಒಂದು ವಾರದಲ್ಲಿ ಒಣಗುತ್ತದೆ. ನಮ್ಮಲ್ಲಿ ಆಗಸ್ಟ್‌ನಲ್ಲಿ ಹಾಸಿಗೆಯೇ ತೇವ. ಮೂರನೇ ದಿನ ಪೇಪರ್ ಬಿಚ್ಚಿದರೆ ಬೂಷ್ಟು, ನಾಲ್ಕನೇ ದಿನ ಎಲೆ ಒಂದು ಕಡೆ, ಕಾಂಡ ಒಂದು ಕಡೆ. ಗೌರಿ ಹೂವಿನ ಕಾಂಡದಲ್ಲಿ ನೀರೇ ಜಾಸ್ತಿ, ಅದು ಇನ್ನೂ ಬೇಗ ಕೊಳೆಯುತ್ತದೆ.

ನಾನು ಮಾಡುವುದು ಹೀಗೆ. ದಿನಪತ್ರಿಕೆಗೆ ಮೊದಲು ಇಸ್ತ್ರಿ ಹಾಕುತ್ತೇನೆ, ಬಿಸಿ ಇರುವಾಗಲೇ ಗಿಡ ಹರಡಿ ಮುಚ್ಚುತ್ತೇನೆ. ಒಂದೆರಡು ಎಲೆಗಳ ಅಡಿಭಾಗ ಮೇಲೆ ಕಾಣುವ ಹಾಗೆ ತಿರುಗಿಸಿ ಇಡುತ್ತೇನೆ. ಎರಡು ಮೂರು ಮಾದರಿಗೊಂದು ರಟ್ಟು. ಡಬ್ಬದ ರಟ್ಟು ಆದರೆ ಒಳ್ಳೆಯದು, ಅದರ ಅಲೆಗಳ ನಡುವೆ ಗಾಳಿ ಆಡುತ್ತದೆ. ಎರಡು ಮರದ ಚೌಕಟ್ಟಿನ ನಡುವೆ ಇಟ್ಟು ಹಗ್ಗ ಬಿಗಿದು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ. ಕಾಳುಮೆಣಸು, ಹುಣಸೆ ಇಡುವ ಜಾಗವೇ. ಮೊದಲ ನಾಲ್ಕು ದಿನ ದಿನಾ ಪೇಪರ್ ಬದಲಿಸಬೇಕು. ಉರಿ ಜೋರಾದರೆ ಎಲೆ ಕಪ್ಪಾಗುತ್ತದೆ. ಒಲೆ ಇಲ್ಲದವರು ಮರದ ಪೆಟ್ಟಿಗೆಯಲ್ಲಿ ಹಳೆ ಕಾಲದ 100 ವ್ಯಾಟ್ ಬಲ್ಬ್ ಹಾಕಿ ಅದರ ಮೇಲೆ ಇಡಬಹುದು. ಎಲ್‌ಇಡಿ ಬಲ್ಬ್‌ಗೆ ಆ ಶಾಖ ಇಲ್ಲ.

ಕಾಡಿನಲ್ಲೇ ನಾಲ್ಕೈದು ದಿನ ಉಳಿಯುವುದಾದರೆ ಇನ್ನೊಂದು ದಾರಿ ಇದೆ. ಗಿಡವನ್ನು ಪೇಪರ್‌ನಲ್ಲಿ ಮಡಚಿ ಕಟ್ಟು ಮಾಡಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸ್ಪಿರಿಟ್ ಸುರಿದು ಬಾಯಿ ಬಿಗಿಯಾಗಿ ಕಟ್ಟುವುದು. ವಾರಗಟ್ಟಲೆ ಕೆಡುವುದಿಲ್ಲ. ಸ್ಪಿರಿಟ್‌ನಲ್ಲಿ ಆಲ್ಕೋಹಾಲ್ ಸುಮಾರು 60–70 ಪ್ರತಿಶತ ಇರಬೇಕು. ಒಮ್ಮೆ ಜೊತೆಗಿದ್ದ ನಿವೃತ್ತ ಸುಬೇದಾರರು ಕ್ಯಾಂಟೀನ್ ರಮ್ ಆಗುತ್ತದಾ ಅಂತ ಕೇಳಿದರು. ಅದರಲ್ಲಿ ಇರುವುದು 42.8 ಪ್ರತಿಶತ ಮಾತ್ರ, ಗಿಡಕ್ಕೆ ಸಾಲದು. ಅವರಿಗೆ ಸಮಾಧಾನವಾಯಿತು.

ಸ್ಪಿರಿಟ್ ಮುಟ್ಟಿಸುವ ಮೊದಲು ಎರಡು ಎಲೆ ಚೂರು ಹರಿದು ತೇವ ಹೀರುವ ಸಿಲಿಕಾ ಜೆಲ್ ಹರಳು ಇರುವ ಡಬ್ಬಿಗೆ ಹಾಕಿ. ಡಿಎನ್‌ಎ ಪರೀಕ್ಷೆ ಬೇಕೆಂದರೆ ಅದೇ ಆಧಾರ. ಸ್ಪಿರಿಟ್‌ನಲ್ಲಿ ನೆನೆದ ಎಲೆಯಲ್ಲಿ ಡಿಎನ್‌ಎ ಹಾಳಾಗಿರುತ್ತದೆ.

ಒಣಗಿದ ಮೇಲೆ ಸುಮಾರು 42 × 28 ಸೆಂ.ಮೀ. ಗಟ್ಟಿ ಹಾಳೆಗೆ ಅಂಟಿಸಿ ಅಥವಾ ನೂಲಿನಿಂದ ಹೊಲಿದು, ಬಲ ಮೂಲೆಯ ಕೆಳಗೆ ಚೀಟಿ ಹಚ್ಚಿ. ಹುಳು ಬೀಳದಿರಲಿ ಅಂತ ಹಿಂದಿನವರು ಪಾದರಸದ ವಿಷ ಬಳಿಯುತ್ತಿದ್ದರು. ಅದನ್ನು ಮನೆಯಲ್ಲಿ ಮಾಡಲೇಬೇಡಿ. ಹಳೆಯ ಹರ್ಬೇರಿಯಂ ಹಾಳೆ ಮುಟ್ಟಿದ ಮೇಲೆ ಕೈ ತೊಳೆಯದೆ ತಿಂಡಿಗೂ ಕೂರಬೇಡಿ.

ಹೆಜ್ಜೆ 5: ಹೂ ಬಿಡಿಸಿ ನೋಡುವುದು

ಇದನ್ನು ತಾಜಾ ಇರುವಾಗಲೇ ಮಾಡಬೇಕು. ಗೌರಿ ಹೂ ಒಣಗಿದರೆ ಒದ್ದೆ ಟಿಶ್ಯೂ ಪೇಪರ್‌ನ ಥರ ಮುದ್ದೆಯಾಗುತ್ತದೆ, ಏನೂ ಕಾಣುವುದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಲೆನ್ಸ್, ಎರಡು ಸೂಜಿ, ಚಿಮುಟ, ಕಪ್ಪು ರಟ್ಟು, ಇಷ್ಟು ಸಾಕು.

ಹೂವನ್ನು ಪಕ್ಕಕ್ಕೆ ಮಲಗಿಸಿ. ಮೊದಲು ಕಾಣುವುದು ಹಿಂದಕ್ಕೆ ಬಾಗಿದ ಕೊಂಬು. ಅದು ಎಸಳಲ್ಲ, ಕೆಳಗಿನ ಸೆಪಲ್ (ಎಸಳುಗಳ ಹೊರಗಿನ ಸುತ್ತಿನ ಭಾಗ). ಕೊಂಬಿನ ತುದಿಯಲ್ಲಿ ಸಿಹಿ ಇರುತ್ತದೆ, ಬೆಳಕಿಗೆ ಹಿಡಿದರೆ ಆ ಸಣ್ಣ ಹನಿ ಕಾಣುತ್ತದೆ. ಕೊಂಬನ್ನು ನೇರ ಮಾಡಿ ಅಳೆಯಿರಿ, ಬಾಗಿದ ಹಾಗೇ ಅಳೆದರೆ ಲೆಕ್ಕ ತಪ್ಪುತ್ತದೆ. ತೊಟ್ಟಿನ ಹತ್ತಿರ ಎರಡು ಪುಟ್ಟ ಸೆಪಲ್‌ಗಳಿರುತ್ತವೆ, ಕೆಲವೊಮ್ಮೆ ನಾಲ್ಕು. ಈ ಇನ್ನೆರಡು ಕೂದಲೆಳೆಯಷ್ಟು ಸಣ್ಣವು. ಅವು ಇವೆಯಾ ಇಲ್ಲವಾ ಅನ್ನುವುದರ ಮೇಲೆಯೇ ಗುರುತು ಬದಲಾಗಬಹುದು, ಆದ್ದರಿಂದ ನಿಧಾನವಾಗಿ ನೋಡಿ. ಮೇಲೆ ಒಂದು ಎಸಳು ಟೋಪಿಯ ಹಾಗೆ. ಅದರ ಬೆನ್ನಿನ ಮೇಲೆ ಹಸಿರು ಏಣು ಇದೆಯಾ? ಕೆಳಗೆ ಎರಡು ಅಗಲ ಎಸಳು ಅನ್ನಿಸುತ್ತದೆ, ಆದರೆ ಅವು ನಾಲ್ಕು, ಎರಡೆರಡು ಕೂಡಿಕೊಂಡದ್ದು. ಅವುಗಳನ್ನು ಹರಿಯದೆ ಕಪ್ಪು ರಟ್ಟಿನ ಮೇಲೆ ಹರಡಿ. ಹಾಲೆಗಳ ಆಕಾರ, ಬುಡದಲ್ಲಿರುವ ಸಣ್ಣ ಕಿವಿ, ಅಲ್ಲಿನ ಹಳದಿ ಚುಕ್ಕೆ, ಎಲ್ಲ ಅಲ್ಲೇ ಕಾಣಬೇಕು. ಮಧ್ಯದಲ್ಲಿ ಐದು ಕೇಸರಗಳು ಒಟ್ಟಾಗಿ ಅಂಡಾಶಯದ ತಲೆಗೆ ಮುಂಡಾಸು ಸುತ್ತಿದ ಹಾಗೆ ಕೂತಿರುತ್ತವೆ.

ರಟ್ಟಿನ ಮೇಲೆ ಸ್ಕೇಲ್ ಇಟ್ಟು ಎಲ್ಲ ಭಾಗಗಳ ಒಂದೇ ಫೋಟೊ ತೆಗೆಯಿರಿ. ಕನಿಷ್ಠ ಹತ್ತು ಬೇರೆ ಬೇರೆ ಗಿಡಗಳ ಹೂ ಹೀಗೆ ಬಿಡಿಸಬೇಕು. ನಾಲ್ಕೈದು ಇಡೀ ಹೂಗಳನ್ನು 70 ಪ್ರತಿಶತ ಆಲ್ಕೋಹಾಲ್ ಇರುವ ಸಣ್ಣ ಬಾಟಲಿಗೆ ಹಾಕಿ. ಸಂಗ್ರಹ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಬಾಟಲಿಯ ಒಳಗೇ ಇರಲಿ. ಹೊರಗೆ ಅಂಟಿಸಿದ್ದು ಸ್ಪಿರಿಟ್ ತಾಗಿದರೆ ಕಿತ್ತು ಬರುತ್ತದೆ.

ಹೆಜ್ಜೆ 6: ಬೇರೆ ಯಾವುದೂ ಅಲ್ಲ ಅಂತ ಗೊತ್ತಾಗುವುದು ಹೇಗೆ

ಎಲ್ಲರೂ ಓಡಿಸಿಕೊಂಡು ಹೋಗುವ ಹೆಜ್ಜೆ ಇದೇ. ನಾನು ಪೆಚ್ಚಾಗಿದ್ದೂ ಇಲ್ಲೇ.

ಮೊದಲು ಪ್ರಾಂತ್ಯದ ಸಸ್ಯಕೋಶಗಳು, ಅಂದರೆ ಆ ಪ್ರದೇಶದ ಗಿಡಗಳನ್ನು ವಿವರಿಸುವ ಪುಸ್ತಕಗಳು. ಕೊಡಗಿನ ಸಸ್ಯಗಳ ಬಗ್ಗೆಯೇ 1990ರಲ್ಲಿ ಬಂದ ಪುಸ್ತಕ ಇದೆ. ಬ್ರಿಟಿಷ್ ಇಂಡಿಯಾದ, ಮದ್ರಾಸ್ ಪ್ರೆಸಿಡೆನ್ಸಿಯ ಹಳೆಯ ಸಸ್ಯಕೋಶಗಳಿವೆ. ಕರ್ನಾಟಕದ ಸಸ್ಯಗಳ ಡಿಜಿಟಲ್ ಪಟ್ಟಿಯನ್ನು ವಿಜ್ಞಾನ ಸಂಸ್ಥೆಯವರು ಇಟ್ಟಿದ್ದಾರೆ. ಕೊಡಗಿಗೆ ಮಾತ್ರ ನೋಡಿ ನಿಲ್ಲಬೇಡಿ. ಗಿಡಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ. ಬ್ರಹ್ಮಗಿರಿಯ ಆ ಬದಿ ವಯನಾಡು, ಮಾಕುಟ್ಟದ ಕೆಳಗೆ ಕಣ್ಣೂರು, ಪುಷ್ಪಗಿರಿಯ ಕೆಳಗೆ ಸುಬ್ರಹ್ಮಣ್ಯ. ನಾವು ಕಕ್ಕಡ ಹದಿನೆಂಟಕ್ಕೆ ಪಾಯಸ ಮಾಡುವ ಮದ್ದ್ ತೊಪ್ಪಿನ ಹೆಸರೇ ನೋಡಿ, ಜಸ್ಟೀಸಿಯಾ ವೈನಾಡೆನ್ಸಿಸ್. ಹೆಸರು ವಯನಾಡಿನದ್ದು, ಪಾಯಸ ನಮ್ಮದು.

ಆಮೇಲೆ ಹೆಸರುಗಳ ಪಟ್ಟಿ. ಐಪಿಎನ್‌ಐ ಎಂಬ ಅಂತರರಾಷ್ಟ್ರೀಯ ಸೂಚಿಯಲ್ಲಿ ನಿಮ್ಮ ಕುಲದಲ್ಲಿ ಇದುವರೆಗೆ ಇಟ್ಟ ಹೆಸರುಗಳು ಸಿಗುತ್ತವೆ. ಈಗ ಬಳಕೆಯಲ್ಲಿಲ್ಲದ ಹೆಸರುಗಳನ್ನೂ ಬಿಡದೆ ನೋಡಬೇಕು. ಯಾರೋ ಒಬ್ಬರು ನಿಮ್ಮ ಗಿಡವನ್ನೇ ಎಂದೋ ಹೆಸರಿಸಿ, ಇನ್ನೊಬ್ಬರು ಅದನ್ನು ಬೇರೆ ಪ್ರಭೇದದೊಳಗೆ ಸೇರಿಸಿ ಮುಚ್ಚಿಹಾಕಿರಬಹುದು. ಹಾಗಿದ್ದರೆ ನಿಮ್ಮದು ಹೊಸ ಪ್ರಭೇದ ಅಲ್ಲ, ಹಳೆಯ ಹೆಸರಿಗೆ ಮತ್ತೆ ಜೀವ ಕೊಡುವ ಕೆಲಸ. ಅದೂ ಒಳ್ಳೆಯ ಲೇಖನವೇ, ಬೇಸರ ಬೇಡ.

ಪ್ರತಿ ಹತ್ತಿರದ ಪ್ರಭೇದದ ಮೊದಲ ವಿವರಣೆಯನ್ನೇ ಓದಿ. ಆಮೇಲೆ ಬಂದ ಪುಸ್ತಕಗಳಲ್ಲಿ ನಕಲು ಮಾಡುವಾಗ ತಪ್ಪು ನುಸುಳಿರುತ್ತದೆ. ಹಳೆಯ ಪುಸ್ತಕಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ. ದಕ್ಷಿಣ ಭಾರತದ ಗೌರಿ ಹೂಗಳಲ್ಲಿ ಹಲವಕ್ಕೆ ಹೆಸರಿಟ್ಟವರು ಬೆಡೋಮ್. ಮದ್ರಾಸಿನ ಅರಣ್ಯ ಇಲಾಖೆಯಲ್ಲಿದ್ದ ಸೈನ್ಯಾಧಿಕಾರಿ ಆತ. ವಿವರಣೆಗಳು ಮೂರೇ ಸಾಲು ಇರುವುದೂ ಉಂಟು. ಆಗ ಲ್ಯಾಟಿನ್ ಓದುವುದಕ್ಕಿಂತ ಆ ಗಿಡದ ಮೂಲ ಹಾಳೆ ನೋಡುವುದೇ ದಾರಿ.

ಆ ಮೂಲ ಹಾಳೆಯನ್ನೇ ಟೈಪ್ ಅನ್ನುತ್ತಾರೆ. ಹೆಸರು ಕಟ್ಟಿಹಾಕಿದ ಗೂಟ ಅದು. ಪುಸ್ತಕದ ವಿವರಣೆಯಲ್ಲಿ ತಪ್ಪಿರಬಹುದು, ಚಿತ್ರದಲ್ಲಿ ತಪ್ಪಿರಬಹುದು, ಹೆಸರು ಮಾತ್ರ ಆ ಹಾಳೆಯ ಮೇಲಿನ ಒಣ ಗಿಡದ್ದೇ. ಹಳೆಯ ಟೈಪ್‌ಗಳು ಹೆಚ್ಚಾಗಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲೋ, ಕೋಲ್ಕತ್ತ ಪಕ್ಕದ ಹೌರಾದಲ್ಲಿರುವ ಕೇಂದ್ರ ಹರ್ಬೇರಿಯಂನಲ್ಲೋ, ಕೊಯಮತ್ತೂರಿನಲ್ಲೋ ಇರುತ್ತವೆ. ಎಷ್ಟೋ ಹಾಳೆಗಳ ಸ್ಕ್ಯಾನ್ ಈಗ ಮನೆಯಲ್ಲೇ ಕೂತು ನೋಡಬಹುದು. ಆದರೂ ಒಮ್ಮೆ ಹರ್ಬೇರಿಯಂಗೆ ಹೋಗಿ. ಗುರುತು ಹಿಡಿಯದೆ ಬಿಟ್ಟ ಹಾಳೆಗಳ ಕಟ್ಟೊಂದು ಪ್ರತಿ ಕುಲದ ಕೊನೆಗೂ ಇರುತ್ತದೆ. ನಿಮ್ಮ ಗಿಡವನ್ನು ಐವತ್ತು ವರ್ಷದ ಹಿಂದೆ ಯಾರೋ ಸೋಮವಾರಪೇಟೆಯಿಂದ ತಂದು ಅಲ್ಲಿಟ್ಟು ಹೋಗಿರಬಹುದು.

ಡಿಎನ್‌ಎ ಕಡ್ಡಾಯ ಅಲ್ಲ. ಇದ್ದರೆ ಬಲ ಬರುತ್ತದೆ. ಇಲ್ಲದಿದ್ದರೂ ಆಕಾರದ ವ್ಯತ್ಯಾಸ ಗಟ್ಟಿಯಾಗಿದ್ದರೆ ಸಾಕು.

ಹೆಜ್ಜೆ 7: ಬರೆಯುವುದು

ಗಿಡಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮ ಪುಸ್ತಕದ ಪ್ರಕಾರ ವಿವರಣೆ ಅಥವಾ ವ್ಯತ್ಯಾಸದ ಟಿಪ್ಪಣಿ ಲ್ಯಾಟಿನ್‌ನಲ್ಲೋ ಇಂಗ್ಲಿಷ್‌ನಲ್ಲೋ ಇರಬೇಕು. 2011ರ ಕೊನೆಯವರೆಗೆ ಲ್ಯಾಟಿನ್ ಮಾತ್ರ ನಡೆಯುತ್ತಿತ್ತು. 2012ರ ಜನವರಿ 1ರಿಂದ ಇಂಗ್ಲಿಷ್ ಕೂಡ ಆಗುತ್ತದೆ. ಕನ್ನಡದಲ್ಲಿ ಮಾತ್ರ ಬರೆದರೆ ಹೆಸರು ನಿಲ್ಲುವುದಿಲ್ಲ. ನನಗೆ ಇದು ಇಷ್ಟವಿಲ್ಲ, ಆದರೆ ನಿಯಮ ನಿಯಮವೇ. ಕರಡನ್ನು ಮಾತ್ರ ಕನ್ನಡದಲ್ಲೇ ಬರೆದುಕೊಳ್ಳಿ, ಯೋಚನೆ ಸ್ಪಷ್ಟವಾಗುತ್ತದೆ.

ವ್ಯತ್ಯಾಸದ ಟಿಪ್ಪಣಿ ಎರಡು ಮೂರು ಸಾಲು ಇದ್ದರೆ ಸಾಕು. ಸುಮ್ನೆ ಒಂದು ಕಲ್ಪನೆಯ ಉದಾಹರಣೆ: "ಈ ಗಿಡ ಇಂಥ ಪ್ರಭೇದವನ್ನು ಹೋಲುತ್ತದೆ. ಆದರೆ ಇದರ ಕೊಂಬು 18–22 ಮಿ.ಮೀ. ಉದ್ದ ಮತ್ತು ತುದಿಯಲ್ಲಿ ಸುರುಳಿ, ಅದರದ್ದು 6–9 ಮಿ.ಮೀ. ಮತ್ತು ನೇರ. ಇದರ ಅಂಡಾಶಯದ ಮೇಲೆ ರೋಮ ಇದೆ, ಅದರದ್ದು ನುಣುಪು." ಎರಡು ಕಡೆಯ ಅಳತೆಗಳು ಒಂದಕ್ಕೊಂದು ತಾಗಬಾರದು. ನಿಮ್ಮದು 8–14, ಅದರದ್ದು 6–10 ಅಂತಾದರೆ ಲೇಖನ ಕಳಿಸಬೇಡಿ, ಇನ್ನೊಂದು ಮಳೆಗಾಲ ಕಾಯಿರಿ.

ಪೂರ್ತಿ ವಿವರಣೆಗೆ ಒಂದು ಕ್ರಮ ಇದೆ: ಗಿಡದ ಒಟ್ಟು ಸ್ವರೂಪ, ಬೇರು, ಕಾಂಡ, ಎಲೆ, ಹೂಗೊಂಚಲು, ಹೂ, ಕಾಯಿ, ಬೀಜ. ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ. "ಸುಂದರ", "ದೊಡ್ಡ" ಅನ್ನುವ ಮಾತು ಬೇಡ, ಮಿಲಿಮೀಟರ್ ಬೇಕು. ಒಣಗಿದಾಗ ಅಳೆದದ್ದೋ ತಾಜಾ ಇದ್ದಾಗಲೋ ಹೇಳಿ.

ಒಂದು ಹಾಳೆಯನ್ನು ಹೋಲೋಟೈಪ್ (ಹೊಸ ಹೆಸರಿನ ಏಕೈಕ ಮುಖ್ಯ ಟೈಪ್) ಅಂತ ಗೊತ್ತು ಮಾಡಿ, ಅದು ಯಾವ ಹರ್ಬೇರಿಯಂನಲ್ಲಿದೆ ಅಂತ ಬರೆಯಲೇಬೇಕು. ಬರೆಯದಿದ್ದರೆ ಹೆಸರು ಹುಟ್ಟುವುದೇ ಇಲ್ಲ. ಫೋಟೊ ಹೋಲೋಟೈಪ್ ಆಗುವುದಿಲ್ಲ. ಅದೇ ದಿನ, ಅದೇ ಜಾಗದಲ್ಲಿ, ಅದೇ ಸಂಗ್ರಹ ಸಂಖ್ಯೆಯಲ್ಲಿ ತೆಗೆದ ಉಳಿದ ಹಾಳೆಗಳು ಐಸೊಟೈಪ್. ಕಾವೇರಿ ಸಂಕ್ರಮಣಕ್ಕೆ ಹೋಗಿ ಕಾಯಿ ತಂದಿರಲ್ಲ, ಅದು ಬೇರೆ ದಿನದ್ದು, ಅದು ಪ್ಯಾರಾಟೈಪ್. ಇವನ್ನು ಬೇರೆ ಬೇರೆ ಹರ್ಬೇರಿಯಂಗಳಿಗೆ ಹಂಚಿ. ಒಂದು ಕಡೆ ಹುಳು ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ.

ಹೆಜ್ಜೆ 8: ಹೆಸರು

ಖುಷಿಯ ಭಾಗ. ಜಾಗದ ಹೆಸರಾದರೆ ಕೊನೆಗೆ 'ಎನ್ಸಿಸ್' ಸೇರುತ್ತದೆ. ಕುಲದ ಹೆಸರು ನಪುಂಸಕ ಲಿಂಗವಾದರೆ 'ಎನ್ಸೆ'. ಇಂಪೇಷಿಯನ್ಸ್ ಸ್ತ್ರೀಲಿಂಗ, ಆದ್ದರಿಂದ ಎನ್ಸಿಸ್ ಸರಿ. ಅದೇ ಕುಲದಲ್ಲಿ ಆ ಹೆಸರು ಈಗಾಗಲೇ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ನಿಮ್ಮದು ನಡೆಯುವುದಿಲ್ಲ.

ವ್ಯಕ್ತಿಯ ಹೆಸರಿಟ್ಟರೆ ಒಂದು ತಮಾಷೆ ಇದೆ. ಇಂಗ್ಲಿಷ್ ಸ್ಪೆಲ್ಲಿಂಗ್ ವ್ಯಂಜನದಲ್ಲಿ ಮುಗಿದರೆ ಗಂಡಸಿಗೆ ಎರಡು 'ಐ' ಅಕ್ಷರ (ii), ಹೆಂಗಸಿಗೆ 'ಐಎಇ' (iae). ಆದರೆ 'ಎ' (a) ಅಕ್ಷರದಲ್ಲಿ ಮುಗಿದರೆ ಗಂಡಸಾದರೂ ಹೆಂಗಸಾದರೂ ಬರೀ 'ಇ' (e) ಸೇರಿಸಬೇಕು. ಹಾಗಾಗಿ ಸುಬ್ಬಯ್ಯ ಅನ್ನುವವರು ತಮ್ಮ ಹೆಸರಿನ ಕೊನೆಗೆ 'ಎಚ್' ಬರೆಯುತ್ತಾರಾ ಇಲ್ಲವಾ ಅನ್ನುವುದರ ಮೇಲೆ ಗಿಡದ ಹೆಸರೇ ಬದಲಾಗುತ್ತದೆ. ಮೊದಲೇ ಕೇಳಿಕೊಳ್ಳಿ. ನಿಮ್ಮದೇ ಹೆಸರನ್ನು ಇಟ್ಟುಕೊಳ್ಳುವುದು ಬೇಡ. ನಿಷೇಧ ಇಲ್ಲ, ಆದರೆ ನಗುತ್ತಾರೆ.

ಯೋಚಿಸಿ ಇಡಿ, ಯಾಕೆಂದರೆ ಹೊಂದುವುದಿಲ್ಲ ಅನ್ನಿಸಿದರೂ ಆಮೇಲೆ ಬದಲಿಸಲು ಬರುವುದಿಲ್ಲ. ನಮ್ಮ ತೋಟದ ಅರೇಬಿಕಾ ಕಾಫಿಯ ಹೆಸರನ್ನು 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ. ಕಾಫಿಯ ತವರು ಇಥಿಯೋಪಿಯಾದ ಕಡೆ, ಅರೇಬಿಯಾ ಅಲ್ಲ. ಆದರೂ ಕಾಫಿಯಾ ಅರೇಬಿಕಾ ಹಾಗೇ ಉಳಿದಿದೆ. ಕುಲ ಬದಲಾದರೆ ಮಾತ್ರ ಹೆಸರಿನ ಮೊದಲ ಪದ ಬದಲಾಗುತ್ತದೆ. ಏಲಕ್ಕಿಯನ್ನು ಲಿನೇಯಸ್ ಅಮೋಮಮ್ ಕುಲದಲ್ಲಿ ಇಟ್ಟಿದ್ದ, ಆಮೇಲೆ ಮೇಟನ್ ಅದನ್ನು ಎಲೆಟ್ಟಾರಿಯಾಗೆ ತಂದ. ಅದಕ್ಕೇ ಏಲಕ್ಕಿಯ ಹೆಸರಿನ ಕೊನೆಗೆ ಲಿನೇಯಸ್‌ನ 'ಎಲ್' ಆವರಣದಲ್ಲಿದೆ, ಮೇಟನ್ ಹೊರಗಿದ್ದಾನೆ.

ಹೆಜ್ಜೆ 9: ಅಪಾಯದ ಅಂದಾಜು ಮತ್ತು ಪ್ರಕಟಣೆ

ಲೇಖನದ ಕೊನೆಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಮಾನದಂಡದ ಪ್ರಕಾರ ಗಿಡ ಎಷ್ಟು ಅಪಾಯದಲ್ಲಿದೆ ಅಂತ ಬರೆಯುವುದು ವಾಡಿಕೆ. ಬಲಿತ ಗಿಡಗಳು 50ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪಾಯ ಅನ್ನಬಹುದು. ಆದರೆ ನೀವು ಒಂದೇ ಬರೆ ನೋಡಿ, ಪಕ್ಕದ ಬೆಟ್ಟ ಹತ್ತದೆ ಹಾಗೆ ಬರೆಯಬಾರದು. ಹುಡುಕಾಟ ಸಾಲದಿದ್ದರೆ 'ಮಾಹಿತಿ ಸಾಲದು' ಅನ್ನುವ ವರ್ಗವೇ ಇದೆ, ಅದನ್ನೇ ಬರೆಯಿರಿ.

ಫೈಟೊಟ್ಯಾಕ್ಸಾ, ಫೈಟೊಕೀಸ್, ಕ್ಯೂ ಬುಲೆಟಿನ್, ನಮ್ಮ ದೇಶದ್ದೇ ಆದ ರೀಡಿಯಾ, ಇಂಥ ಪತ್ರಿಕೆಗಳಿಗೆ ಕಳಿಸಬಹುದು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಅನ್ನುವವರ ಮೇಲ್ ಬಂದರೆ ಅಳಿಸಿಬಿಡಿ. ಐಎಸ್‌ಎಸ್‌ಎನ್ (ಪತ್ರಿಕೆಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಸಂಖ್ಯೆ ಇರುವ ಪತ್ರಿಕೆಯಾದರೆ ಪಿಡಿಎಫ್‌ನಲ್ಲಿ ಬಂದರೂ 2012ರಿಂದ ಮಾನ್ಯ. ದಿನಪತ್ರಿಕೆಯಲ್ಲಿ ಹೆಸರು ಬಂದರೆ ಲೆಕ್ಕಕ್ಕಿಲ್ಲ. 1953ರಿಂದಲೇ ಈ ನಿಯಮ ಇದೆ. ಹಾಗಾಗಿ ಲೇಖನ ಅಚ್ಚಾಗುವ ಮೊದಲು ವರದಿಗಾರರಿಗೆ ಹೆಸರು ಹೇಳಬೇಡಿ, ವಾಟ್ಸ್ಆಪ್ ಗುಂಪಿಗಂತೂ ಬೇಡವೇ ಬೇಡ.

ಹೆಜ್ಜೆ 10: ಪ್ರಕಟವಾದ ಮೇಲೆ

2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಹೊಸ ಪ್ರಭೇದ ಯಾರೇ ಕಂಡುಹಿಡಿದರೂ ಸರ್ಕಾರ ಗೊತ್ತು ಮಾಡಿದ ಸಂಸ್ಥೆಗೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಬೇಕು. ಸಸ್ಯಗಳಿಗೆ ಭಾರತೀಯ ಸಸ್ಯ ಸರ್ವೇಕ್ಷಣೆ ಅಂಥ ಸಂಸ್ಥೆ. ಹೋಲೋಟೈಪ್ ಅಲ್ಲೇ ಇಟ್ಟರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತದೆ. ಅನುಮತಿ ಕೊಟ್ಟ ಅರಣ್ಯ ಕಚೇರಿಗೂ ಒಂದು ಪ್ರತಿ ಕೊಡಿ. ಮುಂದಿನ ಸಲ ಅರ್ಜಿ ಹಾಕುವಾಗ ನಿಮ್ಮನ್ನು ನೆನಪಿಟ್ಟುಕೊಂಡಿರುತ್ತಾರೆ.

ನಿಖರ ಜಾಗವನ್ನು ಎಲ್ಲೆಡೆ ಸಾರಬೇಡಿ. ಆರ್ಕಿಡ್ ಆದರೆ ಮಾರುವವರು ಬಂದೇ ಬರುತ್ತಾರೆ. ಹಾಳೆಯ ಮೇಲೆ ಪೂರ್ತಿ ವಿವರ ಇರಲಿ, ಪತ್ರಿಕೆಯಲ್ಲಿ ತಾಲ್ಲೂಕು, ಎತ್ತರ ಇದ್ದರೆ ಸಾಕು.

ಆದರೆ ಕೆಲವರಿಗೆ ಹೇಳಲೇಬೇಕು. ರಸ್ತೆ ಬದಿಯ ಗಿಡವಾದರೆ ಚರಂಡಿ ಬಿಡಿಸುವವರಿಗೆ, ಕಾಡು ಸವರುವವರಿಗೆ, ಆ ವಾರ್ಡಿನ ಪಂಚಾಯತಿ ಸದಸ್ಯರಿಗೆ. ನಮ್ಮ ಕಡೆ ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ, ಸೆಪ್ಟೆಂಬರ್‌ನಲ್ಲಿ, ಕಳೆ ಕತ್ತರಿಸುವ ಯಂತ್ರ ಹೆಗಲಿಗೆ ಹಾಕಿಕೊಂಡು ಇಬ್ಬರು ಹುಡುಗರು ಬರುತ್ತಾರೆ. ಗೌರಿ ಹೂವಿನ ಕಾಯಿ ಆಗ ಇನ್ನೂ ಎಳೆಯದು. ಒಂದು ತಿಂಗಳು ತಡವಾಗಿ ಬನ್ನಿ ಅಂತ ಆ ಹುಡುಗರನ್ನು ಕೇಳಿಕೊಳ್ಳಬೇಕು, ಗಿಡ ಇರುವ ಜಾಗಕ್ಕೆ ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಬೇಕು. ನಾನು ಹೋದ ವರ್ಷ ಆ ಬರೆಯ ಎರಡು ತುದಿಗೂ ಕೆಂಪು ಬಟ್ಟೆ ಕಟ್ಟಿದ್ದೆ. ಹುಡುಗರು ಅಷ್ಟು ಜಾಗ ಬಿಟ್ಟು ಉಳಿದದ್ದನ್ನು ನೀಟಾಗಿ ಸವರಿ ಹೋಗಿದ್ದರು. ಬಟ್ಟೆಯನ್ನು ಮಾತ್ರ ಯಾರೋ ಬಿಚ್ಚಿಕೊಂಡು ಹೋಗಿದ್ದರು.